ಗಾಡಿ ಮಾತು: ಬಾನೆಟ್ ಕೆಳಗಿನ ಹಳೇ ಮೈಸೂರ್‌ಪಾಕ್

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಒಂದು ಜರ್ಮನಿಯಿಂದ ಬಂದಿದೆ. ಅದನ್ನ ಓದಿದ್ಮೇಲೆ ಎರಡು ದಿನ ನಂಗೆ ಬೇರೆ ಯಾವ ಗಾಡಿನೂ ತಲೆಗೆ ಹತ್ಲಿಲ್ಲ. ಹಾಗಾಗಿ ಜಾಗ ಜಾಸ್ತಿ ಅದಕ್ಕೇ ಹೋಗಿದೆ, ಮಿಕ್ಕವರು ಬೇಜಾರು ಮಾಡ್ಕೋಬೇಡಿ, ಮೈಲೇಜ್ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ಸರ್ ನಮಸ್ಕಾರ. ನಾನು ಬೆಂಗಳೂರಿನವನು, ಈಗ ಏಳು ವರ್ಷದಿಂದ ಸ್ಟುಟ್‌ಗಾರ್ಟ್ ಪಕ್ಕ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಇದೀನಿ. ನಮ್ಮಪ್ಪ ಆಡುಗೋಡಿ ಮೈಕೋ ಫ್ಯಾಕ್ಟರಿಲಿ ಇಡೀ ಸರ್ವೀಸ್ ಮುಗಿಸಿದವ್ರು, ಗಾಡಿ ಹುಚ್ಚು ಅವರಿಂದಾನೇ ಬಂದಿದ್ದು. ಹೋದ ವರ್ಷ ಮನೇಲಿ ಬೈಸ್ಕೊಂಡು 1992ರ ಮರ್ಸಿಡಿಸ್ 500 ಇ ತಗೊಂಡೆ. ಇಂಜಿನ್ ಚಿನ್ನ ಸರ್, ಆದ್ರೆ ಬಾನೆಟ್ ಒಳಗಡೆ ಅಂಟಿಸಿರೋ ಕಪ್ಪು ಫೋಮ್ ಇದ್ಯಲ್ಲ, ಅದು ಮುಟ್ಟಿದ್ರೆ ಉದುರತ್ತೆ, ಒಂದು ಮೂಲೆ ಆಗ್ಲೇ ಜೋತುಬಿದ್ದಿದೆ, ಇಂಜಿನ್ ಮೇಲೆಲ್ಲ ಪುಡಿ. ಈಗ ಬ್ಲೋವರ್ ಆನ್ ಮಾಡಿದ್ರೆ ಡ್ಯಾಶ್‌ಬೋರ್ಡ್ ಮೇಲೂ ಕಪ್ಪು ಕಣ ಬಂದು ಕೂರ್ತಿದೆ, ಮಗಳ ಸೀಟ್ ಮೇಲೂ ನೋಡಿ ಹೆಂಡತಿ ಗಾಡಿ ಹತ್ತೋದೇ ಬಿಟ್ಟಿದಾಳೆ. ಇದ್ರಲ್ಲಿ ಆಸ್ಬೆಸ್ಟಾಸ್ ಇರತ್ತಾ? ಇಲ್ಲಿ ಒಬ್ರು ವರ್ಕ್‌ಶಾಪ್‌ನೋರು ಪ್ರೆಶರ್ ವಾಷರ್ ಹಿಡಿದ್ರೆ ಐದೇ ನಿಮಿಷ ಎಲ್ಲ ಹೋಗತ್ತೆ ಅಂದ್ರು. ನಾನೇ ಕೈಯಾರೆ ತೆಗೀಬೇಕು ಅಂತಿದೀನಿ, ಹೆಂಗೆ ಶುರು ಮಾಡ್ಲಿ? ಹೊಸ ಪ್ಯಾಡ್‌ಗೆ ಈಗ ದುಡ್ಡಿಲ್ಲ, ಒಂದಷ್ಟು ತಿಂಗಳು ಬೋಳು ಬಾನೆಟ್‌ನಲ್ಲೇ ಓಡಿಸಬಹುದಾ?
(ಹೆಸರು ಬೇಡ ಅಂದಿದಾರೆ, ಲುಡ್ವಿಗ್ಸ್‌ಬುರ್ಗ್)

ಉತ್ತರ: ಮೊದಲು ಹೊಟ್ಟೆಕಿಚ್ಚು ಹೇಳ್ಕೊಂಡುಬಿಡ್ತೀನಿ. 500 ಇ ಅಂದ್ರೆ ಏನು ಅಂತ ಗೊತ್ತಿಲ್ಲದ ಓದುಗರಿಗೆ ಎರಡು ಮಾತು: ನೋಡೋಕೆ ನಮ್ಮೂರ ಹಳೇ ಇಂಡಸ್ಟ್ರಿಯಲಿಸ್ಟ್‌ಗಳ ಮನೆ ಮುಂದೆ ನಿಂತಿರ್ತಿತ್ತಲ್ಲ ಚೌಕಾಕಾರದ ಬೆನ್ಜ್, ಡಬ್ಲ್ಯೂ 124, ಅದೇ ಥರ ಇರತ್ತೆ, ಮಡ್‌ಗಾರ್ಡ್ ಸ್ವಲ್ಪ ಉಬ್ಬಿರತ್ತೆ ಅಷ್ಟೇ. ಆದ್ರೆ ಒಳಗಿರೋದು 5 ಲೀಟರ್ ವಿ8, 326 ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ ಸುಮಾರು 6 ಸೆಕೆಂಡ್, ಗಂಟೆಗೆ 250 ಕಿಲೋಮೀಟರ್‌ಗೆ ಕಂಪನಿನೇ ಲಗಾಮು ಹಾಕಿದೆ. ಆ ದೊಡ್ಡ ಇಂಜಿನ್ ಕೂರ್ಸೋಕೆ ಅಂತ ಬಾಡಿನೇ ಬದಲಾಯಿಸ್ಬೇಕಾಯ್ತು, ಅದು ಮಾಮೂಲಿ ಲೈನ್‌ನಲ್ಲಿ ಹಿಡೀಲಿಲ್ಲ, ಆ ಕೆಲಸ ಪೋರ್ಷೆಗೆ ಕೊಟ್ರು. ಗಾಡಿ ಮರ್ಸಿಡಿಸ್‌ನ ಜಿಂಡೆಲ್‌ಫಿಂಗನ್ ಫ್ಯಾಕ್ಟರಿಗೂ ಪೋರ್ಷೆಯ ತ್ಸುಫೆನ್‌ಹೌಸನ್ ಫ್ಯಾಕ್ಟರಿಗೂ ಮಧ್ಯ ಓಡಾಡ್ಕೊಂಡು ತಯಾರಾಗ್ತಿತ್ತು, ಒಂದೊಂದಕ್ಕೆ 18 ದಿನ, 1995ರವರೆಗೆ ಹತ್ತು ಸಾವಿರ ಚಿಲ್ಲರೆ ಗಾಡಿ ಮಾತ್ರ. ನೀವು ಲುಡ್ವಿಗ್ಸ್‌ಬುರ್ಗ್‌ನಿಂದ ಸ್ಟುಟ್‌ಗಾರ್ಟ್‌ಗೆ ಟ್ರೈನಲ್ಲಿ ಹೋದ್ರೆ ಆ ತ್ಸುಫೆನ್‌ಹೌಸನ್ ದಾಟೇ ಹೋಗ್ಬೇಕು. ಇಂಜಿನ್ ಮೇಲಿರೋ ಇಂಜೆಕ್ಷನ್ ಸಿಸ್ಟಮ್ ಬಾಷ್‌ದು, ನಿಮ್ಮಪ್ಪನ ಮೈಕೋಗೆ ಅದೇ ತವರು ಕಂಪನಿ, ಅವರಿಗೆ ಬಾನೆಟ್ ತೆಗೆದು ತೋರ್ಸಿ, ಅರ್ಧ ಗಂಟೆ ಬರಲ್ಲ ಈಚೆಗೆ.

ಸರಿ, ಫೋಮ್ ವಿಷಯ. ಆಸ್ಬೆಸ್ಟಾಸ್ ಅಲ್ಲ ಅದು, ಪಾಲಿಯುರಿಥೇನ್ ಫೋಮ್, ಸೋಫಾ ಒಳಗೆ ಇರತ್ತಲ್ಲ ಅದರ ದಾಯಾದಿ. ಸಣ್ಣ ಸಣ್ಣ ಗುಳ್ಳೆ, ಗುಳ್ಳೆಗೆ ತೆಳ್ಳನೆ ಗೋಡೆ. ಪ್ರತಿ ಸಲ ಗಾಡಿ ಓಡಿಸಿ ನಿಲ್ಸಿದಾಗ ಇಂಜಿನ್ ಬಿಸಿ ಎಲ್ಲ ಮೇಲಕ್ಕೆ ಹೋಗಿ ಅದನ್ನ ಬೇಯ್ಸತ್ತೆ, ಆಮೇಲೆ ರಾತ್ರಿ ತಣ್ಣಗಾಗಿ ತೇವ ಹೀರ್ಕೊಳತ್ತೆ, ಎಣ್ಣೆ ಆವಿನೂ ಸೇರತ್ತೆ, ಹಿಂಗೆ ಮೂವತ್ತು ವರ್ಷ ಆದ್ರೆ ಯಾವ ಫೋಮ್ ತಾನೇ ಉಳಿಯತ್ತೆ ಹೇಳಿ. ಮೊದಲು ಮೆತ್ತಗಿದ್ದದ್ದು ಗಟ್ಟಿಯಾಗಿ, ಆಮೇಲೆ ಹಬ್ಬ ಮುಗಿದು ತಿಂಗಳಾದ ಮೈಸೂರ್‌ಪಾಕ್ ಥರ, ಬೆರಳು ಇಟ್ರೆ ಪುಡಿ. ಆಸ್ಬೆಸ್ಟಾಸ್ ಅಲ್ಲ ಅಂದ ಮಾತ್ರಕ್ಕೆ ಉಸಿರಾಡಬಹುದು ಅಂತಲ್ಲ. ಆ ನುಣ್ಣನೆ ಪುಡಿ ಗಂಟಲಿಗೆ ಕಣ್ಣಿಗೆ ಹೋದ್ರೆ ಉರಿ, ಅಸ್ತಮಾ ಇದ್ದೋರಿಗೆ ಇನ್ನೂ ಕಷ್ಟ, ಮಗಳನ್ನ ಸದ್ಯಕ್ಕೆ ಆ ಗಾಡೀಲಿ ಕೂರಿಸ್ಬೇಡಿ, ಈ ವಿಷಯದಲ್ಲಿ ನಿಮ್ಮ ಮನೆಯವ್ರು ಹೇಳಿದ್ದೇ ಸರಿ.

ಪ್ರೆಶರ್ ವಾಷರ್ ಅಂದವರಿಗೆ ಒಂದು ನಮಸ್ಕಾರ ಹಾಕಿ ಬಂದ್ಬಿಡಿ. ಫೋಮ್ ಐದು ನಿಮಿಷದಲ್ಲಿ ಹೋಗತ್ತೆ, ನಿಜ, ಎಲ್ಲಿಗೆ ಹೋಗತ್ತೆ ಅನ್ನೋದು ಪ್ರಶ್ನೆ. ನೀರಿನ ಜೊತೆ ಕೆಸರಾಗಿ ಇಂಜಿನ್ ಸಂದಿಗೊಂದಿಗೆಲ್ಲ ಇಳಿಯತ್ತೆ, ಒಣಗಿದ್ಮೇಲೆ ಸಿಮೆಂಟ್ ಥರ ಹಿಡ್ಕೊಳತ್ತೆ. ಅದಕ್ಕಿಂತ ದೊಡ್ಡದು, ನಿಮ್ಮ ಎಂ119 ಇಂಜಿನ್‌ನಲ್ಲಿ ಮುಂದ್ಗಡೆ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಎರಡು ಡಿಸ್ಟ್ರಿಬ್ಯೂಟರ್ ಕ್ಯಾಪ್ ಇದೆ, ಎರಡು ಕಡೆಗೆ ಒಂದೊಂದು, ಅವಕ್ಕೆ ತೇವ ಅಂದ್ರೆ ಆಗೋದೇ ಇಲ್ಲ, ಒಳಗೆ ನೀರಾಡಿದ್ರೆ ಇಂಜಿನ್ ಮಿಸ್ ಹೊಡಿಯೋಕೆ ಶುರು. ಇನ್ನೊಂದು, ಆ ಕಾಲದ ಈ ಇಂಜಿನ್‌ಗಳ ವೈರಿಂಗ್ ಹಾರ್ನೆಸ್, ಅಂದ್ರೆ ವೈರುಗಳ ಕಟ್ಟು, ಅದರ ಮೇಲಿನ ಪ್ಲಾಸ್ಟಿಕ್ ಕೂಡ ಬಿಸಿಗೆ ಬಿರುಕು ಬಿಟ್ಟು ಉದುರೋ ಜಾತಿ, ಫೋಮ್ ಥರಾನೇ. ಹಿಂದಿನ ಓನರ್ ಹಾರ್ನೆಸ್ ಬದಲಾಯ್ಸಿದಾರಾ ಅಂತ ಬಿಲ್‌ಗಳಲ್ಲಿ ಹುಡುಕಿ, ಬದಲಾಯ್ಸಿಲ್ಲ ಅಂದ್ರೆ ಆ ಬರೀ ತಾಮ್ರದ ಮೇಲೆ ನೀರು ಹೊಡೆದ್ರೆ ಏನಾಗತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಅಲ್ಲದೆ ನಿಮ್ಮ ಕಡೆ ಎಣ್ಣೆ ಬೇರ್ಪಡಿಸೋ ವ್ಯವಸ್ಥೆ ಇರೋ ವಾಷಿಂಗ್ ಜಾಗ ಬಿಟ್ಟು ಮನೆ ಮುಂದೆ ಇಂಜಿನ್ ತೊಳೆಯೋ ಹಾಗೇ ಇಲ್ಲ, ನಗರಸಭೆಯವ್ರು ದಂಡ ಹಾಕ್ತಾರೆ.

ಈಗ ನನ್ನ ಕಥೆ ಕೇಳಿ, ಆಮೇಲೆ ಕೆಲಸ. ಸುಮಾರು ವರ್ಷದ ಹಿಂದೆ ವಿಲ್ಸನ್ ಗಾರ್ಡನ್‌ನಲ್ಲಿ ಗೆಳೆಯನ ಡೀಸಲ್ ಡಬ್ಲ್ಯೂ 124, ಏಪ್ರಿಲ್ ಮಧ್ಯಾಹ್ನ, ಸೆಖೆ ಅಂತ ಶೆಡ್‌ನಲ್ಲಿ ಫ್ಯಾನ್ ಹಾಕ್ಕೊಂಡು, ಏನೂ ಮುಚ್ಚದೆ, ಮಾಸ್ಕ್ ಇಲ್ಲದೆ, ಪೇಂಟರ್ ಕೆರೆಯೋ ಕರಣೆ ಹಿಡ್ಕೊಂಡು ಒಣಗಿದ ಫೋಮನ್ನ ಕೆರೆದೆ. ಹದಿನೈದು ನಿಮಿಷದಲ್ಲಿ ಮುಗೀತು ಅಂತ ಹೆಮ್ಮೆ ಬೇರೆ. ಮೂರು ದಿನ ಕಪ್ಪು ಸೀನು, ಅದು ಹೋಗ್ಲಿ, ಆ ಗಾಡಿ ಎಸಿ ವೆಂಟಿಂದ ಮುಂದಿನ ದೀಪಾವಳಿವರೆಗೂ ಪುಡಿ ಬರ್ತಾನೇ ಇತ್ತು, ಗೆಳೆಯನ ತಾಯಿ ಬಿಳಿ ಸೀರೆ ಉಟ್ಕೊಂಡು ಆ ಗಾಡೀಲಿ ಮದುವೆಗೆ ಹೋಗಿದ್ರು, ಆ ಪ್ರಸಂಗ ಇಲ್ಲಿ ಬೇಡ. ಯಾಕೆ ಹಂಗಾಯ್ತು ಅಂದ್ರೆ ಕ್ಯಾಬಿನ್‌ಗೆ ಗಾಳಿ ಹೋಗೋದು ಮುಂದಿನ ಗಾಜಿನ ಬುಡದಿಂದ, ಬಾನೆಟ್ ಹಿಂದಿನ ಅಂಚಲ್ಲೇ. ಮೇಲಿಂದ ಉದುರಿದ್ದು ಸೀದಾ ಅಲ್ಲೇ ಬೀಳತ್ತೆ, ಬ್ಲೋವರ್ ಅದನ್ನ ನಿಮ್ಮ ಮುಖಕ್ಕೆ ಊದತ್ತೆ. ನಿಮಗೆ ಈಗ ಆಗ್ತಿರೋದೂ ಅದೇ. ಅದಕ್ಕೇ ನಾನೀಗ ಹೇಳೋದು, ಫೋಮ್ ತೆಗಿಯೋದು ಕಾಲುಭಾಗ ಕೆಲಸ, ಪುಡಿ ಎಲ್ಲೂ ಹೋಗದ ಹಾಗೆ ನೋಡ್ಕೊಳೋದು ಮುಕ್ಕಾಲು.

ಇಂಜಿನ್ ಪೂರ್ತಿ ತಣ್ಣಗಿರೋ ದಿನ ಶುರು ಮಾಡಿ, ಹಿಂದಿನ ರಾತ್ರಿ ನಿಲ್ಸಿದ ಗಾಡಿ. ಭಾನುವಾರ ಬೇಡ, ಅಲ್ಲಿ ಭಾನುವಾರ ವ್ಯಾಕ್ಯೂಮ್ ಕ್ಲೀನರ್ ಸದ್ದು ಮಾಡಿದ್ರೆ ಪಕ್ಕದ ಮನೆಯವ್ರು ಬಾಗಿಲು ತಟ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ. ಬ್ಯಾಟರಿ ಕನೆಕ್ಷನ್ ತೆಗೀರಿ, ಬಾನೆಟ್ ಕೆಳಗೆ ಹುಡುಕ್ಬೇಡಿ, ನಿಮ್ಮ ಮಾಡೆಲ್‌ನಲ್ಲಿ ಅದು ಡಿಕ್ಕಿಲಿದೆ, ಮುಂದೆ ಜಾಗಾನೇ ಉಳಿದಿಲ್ಲ ಪಾಪ. ಆಮೇಲೆ ಈ ಗಾಡಿಯ ಒಂದು ಸೊಗಸು ನೋಡಿ, ಬಾನೆಟ್ ಮಾಮೂಲಿ ಎತ್ತರಕ್ಕೆ ಎತ್ತಿದ್ಮೇಲೆ ಹಿಂಜ್ ಹತ್ರ ಇರೋ ಲಾಕನ್ನ ಬಿಡಿಸಿದ್ರೆ ಅದು ಇನ್ನೂ ಹಿಂದಕ್ಕೆ ಹೋಗಿ ಗೋಡೆ ಥರ ನೆಟ್ಟಗೆ ನಿಲ್ಲತ್ತೆ. ಬೇರೆ ಗಾಡಿಗಳಲ್ಲಿ ಕತ್ತು ಮೇಲೆ ಮಾಡ್ಕೊಂಡು, ಪುಡಿ ಕಣ್ಣಿಗೆ ಬೀಳ್ಸ್ಕೊಂಡು ಮಾಡೋ ಕೆಲಸನ ನೀವು ಗೋಡೆಗೆ ಸುಣ್ಣ ಹೊಡೆಯೋ ಹಾಗೆ ನಿಂತ್ಕೊಂಡು ಮಾಡಬಹುದು. ಗ್ಯಾರೇಜ್ ಸೂರು ತಗುಲತ್ತಾ ಅಂತ ಮೊದಲೇ ನೋಡ್ಕೊಳಿ, ಹೊರಗಡೆ ಮಾಡೋದಾದ್ರೆ ಗಾಳಿ ಇಲ್ಲದ ದಿನ ನೋಡಿ, ನೆಟ್ಟಗೆ ನಿಂತ ಬಾನೆಟ್ ಗಾಳಿಗೆ ದೋಣಿ ಹಾಯಿ ಇದ್ದಂಗೆ.

ಮುಚ್ಚೋದು ಅಂದ್ರೆ ಸುಮ್ನೆ ಒಂದು ಟವೆಲ್ ಹಾಸೋದಲ್ಲ. ಮೊದಲು ಗಾಜಿನ ಬುಡದ ಜಾಲರಿ ಮೇಲೆ ಪೇಂಟರ್‌ಗಳು ಹಚ್ಚೋ ಕಾಗದದ ಟೇಪ್, ಒಂದು ಸಂದಿನೂ ಬಿಡದ ಹಾಗೆ. ಏರ್ ಫಿಲ್ಟರ್ ಡಬ್ಬ ಇಂಜಿನ್ ಮೇಲೇ ಕೂತಿದೆ, ಅದರ ಕ್ಲಿಪ್‌ಗಳು ಭದ್ರ ಇದ್ಯಾ ನೋಡಿ, ಹೆಡ್‌ಲೈಟ್ ಕಡೆಯಿಂದ ಗಾಳಿ ಎಳ್ಕೊಳ್ಳೋ ಎರಡು ಬಾಯಿಗೂ ಬಟ್ಟೆ ತುರುಕಿ. ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಸುತ್ತಿ. ಆಮೇಲೆ ಇಡೀ ಇಂಜಿನ್ ಮೇಲೆ ಹಳೇ ಬೆಡ್‌ಶೀಟ್, ಅದರ ಮೇಲೆ ಪ್ಲಾಸ್ಟಿಕ್ ಶೀಟ್, ಎರಡು ಕಡೆ ಮಡ್‌ಗಾರ್ಡ್ ಮೇಲೆ ಇಳಿಬಿಟ್ಟು. ಎಷ್ಟು ಬಟ್ಟೆ ತುರುಕಿದೀರಿ ಅಂತ ಒಂದು ಚೀಟಿಲಿ ಬರೆದು ಸ್ಟೀರಿಂಗ್‌ಗೆ ಅಂಟಿಸಿ, ಕೊನೆಗೆ ಲೆಕ್ಕ ಹಾಕಿ ತೆಗೀರಿ, ನಗಬೇಡಿ, ಒಂದು ಬಟ್ಟೆ ಒಳಗೇ ಬಿಟ್ಟು ಗಾಡಿ ಸ್ಟಾರ್ಟ್ ಮಾಡಿದವರನ್ನ ನಾನು ಬಲ್ಲೆ. ನಿಮಗೆ ಎಫ್‌ಎಫ್‌ಪಿ2 ಮಾಸ್ಕ್, ಕೋವಿಡ್ ಕಾಲದ್ದು ಮನೇಲಿ ಇನ್ನೂ ಬಿದ್ದಿರತ್ತೆ, ಜೊತೆಗೆ ಕಣ್ಣಿಗೆ ಕನ್ನಡಕ, ಕೈಗೆ ಗ್ಲೋವ್ಸ್, ತಲೆಗೆ ಒಂದು ಟೋಪಿ.

ಈಗ ಮುಖ್ಯವಾದ್ದು, ಒಣಗಿದ್ದನ್ನ ಕೆರೀಬೇಡಿ. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸ್ತೀವಲ್ಲ, ಆ ಸ್ಪ್ರೇ ಬಾಟ್ಲಿಗೆ ನೀರು, ಎರಡು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ ಫೋಮ್ ಮೇಲೆ ಮಂಜಿನ ಥರ ಹೊಡೀರಿ, ತೊಟ್ಟಿಕ್ಕಬಾರದು, ಒದ್ದೆ ಆದ್ರೆ ಸಾಕು. ಒದ್ದೆ ಪುಡಿ ಹಾರಲ್ಲ, ಮುದ್ದೆಯಾಗಿ ಕೆಳಗೆ ಬೀಳತ್ತೆ. ಮೇಲಿಂದ ಕೆಳಗೆ, ಒಂದು ಅಡಿ ಜಾಗ ಒದ್ದೆ ಮಾಡಿ, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎಬ್ಬಿಸಿ ಕೈಯಲ್ಲಿ ಹಿಡಿದು ಸೀದಾ ಕಸದ ಚೀಲಕ್ಕೆ, ಆಮೇಲೆ ಮುಂದಿನ ಅಡಿ. ಸ್ಟೀಲ್ ಬ್ಲೇಡ್, ವೈರ್ ಬ್ರಷ್ ಎರಡೂ ಮುಟ್ಬೇಡಿ, ಬಾನೆಟ್ ಒಳಗಡೆ ಪೇಂಟ್‌ಗೆ ಗೀರು ಬಿದ್ರೆ ಅಲ್ಲಿ ನಿಮ್ಮೂರಲ್ಲಿ ಚಳಿಗಾಲಕ್ಕೆ ಹಿಮ ಕರಗ್ಲಿ ಅಂತ ರಸ್ತೆಗೆ ಹಾಕೋ ಉಪ್ಪು ಕೂತು ತುಕ್ಕು ಶುರುವಾಗತ್ತೆ, ಮೇಲೆ ಹೊಸ ಪ್ಯಾಡ್ ಬಂದ್ಮೇಲೆ ಅದು ಕಾಣೋದೂ ಇಲ್ಲ. ಅಂಚುಗಳಲ್ಲಿ ಫೋಮನ್ನ ತಗಡಿನ ಮಡಿಕೆ ಒಳಗೆ ತುರುಕಿರ್ತಾರೆ, ಅಲ್ಲಿ ಬೆರಳಲ್ಲೇ ಎಳೀಬೇಕು, ತಗಡಿನ ಅಂಚು ಚೂಪು, ಗ್ಲೋವ್ಸ್ ಅದಕ್ಕೂ ಬೇಕು. ವೈಪರ್ ನೀರು ಚಿಮ್ಮೋ ಸಣ್ಣ ಪೈಪು, ಅದರ ಬಿಸಿ ಮಾಡೋ ವೈರು ಬಾನೆಟ್‌ನಲ್ಲೇ ಓಡತ್ತೆ, ಮೂವತ್ತು ವರ್ಷದ ರಬ್ಬರ್ ಅದು, ಫೋಮ್ ಎಳೆಯೋ ಜೋರಲ್ಲಿ ಅದನ್ನೂ ಎಳೆದುಬಿಟ್ಟೀರಿ. ಕೆಲಸಕ್ಕೆ ಮುಂಚೆ ಒಂದು ಫೋಟೋ ತೆಗೆದಿಟ್ಕೊಳಿ ಯಾವುದು ಎಲ್ಲಿ ಹೋಗಿದೆ ಅಂತ.

ವ್ಯಾಕ್ಯೂಮ್ ಕ್ಲೀನರ್ ಜೊತೆಗೇ ಇರ್ಲಿ, ಆದ್ರೆ ಮನೇದು ತರ್ಬೇಡಿ. ಮಾಮೂಲಿ ಫಿಲ್ಟರ್ ಇರೋದು ಮುಂದಿಂದ ಎಳ್ಕೊಂಡ ನುಣ್ಣನೆ ಪುಡಿನ ಹಿಂದಿಂದ ಊದ್ತಾ ಹೋಗತ್ತೆ, ಹೆಪಾ ಫಿಲ್ಟರ್ ಇರೋದು ಬೇಕು. ನಿಮ್ಮಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಕೊಡೋ ವರ್ಕ್‌ಶಾಪ್‌ಗಳಿವೆಯಲ್ಲ, ಜಾಗ ಅವರ್ದು, ಕೈ ನಮ್ದು, ಅಲ್ಲಿ ಹೋದ್ರೆ ಈ ಸಾಮಾನೆಲ್ಲ ಸಿಗತ್ತೆ, ನಮ್ಮೂರಲ್ಲಿ ಅಂಥದ್ದೊಂದು ಇದ್ದಿದ್ರೆ ನಾನು ಅಲ್ಲೇ ಮನೆ ಮಾಡ್ತಿದ್ದೆ.

ಫೋಮ್ ಹೋದ್ಮೇಲೆ ಹಳೇ ಗಮ್ ಉಳಿಯತ್ತೆ, ಹಳದಿ ಕಂದು ಬಣ್ಣದ ತೇಪೆ, ಅದಕ್ಕೆ ಒಂದಿಷ್ಟು ಫೋಮ್ ಕಚ್ಕೊಂಡಿರತ್ತೆ. ಇಲ್ಲಿ ಜನ ತಾಳ್ಮೆ ಕಳ್ಕೊಂಡು ಥಿನ್ನರ್ ತರ್ತಾರೆ. ಥಿನ್ನರ್, ಅಸಿಟೋನ್ ಗಮ್ ಜೊತೆ ಪೇಂಟನ್ನೂ ತಗೊಂಡು ಹೋಗತ್ತೆ. ಪೆಟ್ರೋಲ್ ಅಂತೂ ಬಾಯಲ್ಲಿ ಕೂಡ ಹೇಳ್ಬೇಡಿ. ಕಿತ್ತಳೆ ಸಿಪ್ಪೆ ಎಣ್ಣೆಯಿಂದ ಮಾಡಿದ ಗಮ್ ರಿಮೂವರ್ ಸಿಗತ್ತೆ, ಅದು ಸಾಧು, ಇಲ್ಲಾಂದ್ರೆ ಟರ್ಪಂಟೈನ್. ಕಾಣದ ಒಂದು ಮೂಲೇಲಿ ಹಚ್ಚಿ ಹತ್ತು ನಿಮಿಷ ಬಿಟ್ಟು ಬಟ್ಟೆಗೆ ಬಣ್ಣ ಬರತ್ತಾ ನೋಡಿ, ಬರ್ಲಿಲ್ಲ ಅಂದ್ರೆ ಮುಂದುವರೀರಿ. ಬಟ್ಟೆ ಅದ್ದಿ ಗಮ್ ಮೇಲೆ ಹೊದಿಸಿ ಇಟ್ಟು, ಕಾಫಿ ಕುಡಿದು ಬಂದು ಒರೆಸಿದ್ರೆ ತಾನಾಗೇ ಬಿಡತ್ತೆ. ಕೆಲವರು ಹೀಟ್ ಗನ್ ಹಿಡೀತಾರೆ, ನಂಗೆ ಅದು ಇಷ್ಟ ಇಲ್ಲ, ಜಾಸ್ತಿ ಬಿಸಿಯಾದ್ರೆ ಆ ಕಡೆ ಬಾನೆಟ್ ಮೇಲಿನ ಪೇಂಟ್ ಗುಳ್ಳೆ ಏಳತ್ತೆ, ಫೋಮ್ ಚೂರು ಸುಟ್ರೆ ಹೊಗೆ ವಿಷ, ಟರ್ಪಂಟೈನ್ ಹಚ್ಚಿದ ಜಾಗಕ್ಕೆ ಹಿಡಿದ್ರಂತೂ ಬೆಂಕಿನೇ. ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಹೊರಗೆ ಹರವಿ ಒಣಗಿಸಿ ಆಮೇಲೆ ಕಸಕ್ಕೆ. ಫೋಮ್ ತುಂಬಿದ ಚೀಲಾನ ಎಲ್ಲಿ ಹಾಕ್ಬೇಕು ಅಂತ ನಿಮ್ಮ ಊರಿನ ರೀಸೈಕ್ಲಿಂಗ್ ಯಾರ್ಡ್‌ನಲ್ಲಿ ಒಂದ್ಮಾತು ಕೇಳಿ. ಸುಡೋದು ಮಾತ್ರ ಎಲ್ಲೂ ಬೇಡ, ಪಾಲಿಯುರಿಥೇನ್ ಸುಟ್ರೆ ಹೈಡ್ರೋಜನ್ ಸಯನೈಡ್ ಬರತ್ತೆ, ಇದನ್ನ ಇಲ್ಲಿನ ಓದುಗರಿಗೂ ಸೇರಿಸಿ ಹೇಳ್ತಿದೀನಿ, ನಮ್ಮ ಗ್ಯಾರೇಜ್‌ಗಳ ಹಿಂದೆ ಸಂಜೆ ಹೊತ್ತು ಏನೇನು ಉರಿಯತ್ತೆ ಅಂತ ನೋಡಿದೀನಿ.

ಗಮ್ ಎಷ್ಟು ಕ್ಲೀನ್ ಮಾಡ್ಬೇಕು? ಹೊಸ ಪ್ಯಾಡ್ ಹಾಕೋದು ಗ್ಯಾರಂಟಿ ಅಂದ್ರೆ ಕನ್ನಡಿ ಥರ ಬೇಡ, ಕೈ ಆಡಿಸಿದ್ರೆ ಏನೂ ಉದುರಬಾರದು, ಉಬ್ಬು ಇರಬಾರದು, ಗಟ್ಟಿಯಾಗಿ ಕೂತಿರೋ ತೆಳ್ಳನೆ ಪದರ ಇದ್ರೆ ಇರ್ಲಿ. ಎಲ್ಲ ಆದ್ಮೇಲೆ ಶೀಟ್‌ಗಳನ್ನ ಒಳಮುಖ ಮಡಚಿ ಮಡಚಿ ತೆಗೀರಿ, ಜಾಲರಿ ಟೇಪ್ ಕೊನೆಗೆ. ಆಗ್ಲೇ ಒಳಗೆ ಹೋಗಿರೋ ಪುಡಿಗೆ ಗಾಜಿನ ಬುಡದಲ್ಲಿ ವ್ಯಾಕ್ಯೂಮ್ ಹಿಡೀರಿ, ಅಲ್ಲೇ ಆ ಒಂಟಿ ವೈಪರ್‌ನ ಯಂತ್ರ ಇದೆ, ಅದರ ಸುತ್ತ ಎಲ್ಲ. ಆಮೇಲೆ ಬ್ಯಾಟರಿ ಹಾಕಿ, ಎಲ್ಲ ಬಾಗಿಲು ತೆಗೆದು, ಮಾಸ್ಕ್ ಹಾಕ್ಕೊಂಡೇ, ಬ್ಲೋವರ್ ಫುಲ್ ಸ್ಪೀಡಲ್ಲಿ ಒಂದು ಹತ್ತು ನಿಮಿಷ ಓಡ್ಸಿ, ವೆಂಟ್‌ಗಳಿಗೆ ಒದ್ದೆ ಬಟ್ಟೆ ಅಡ್ಡ ಹಿಡಿದ್ರೆ ಎಷ್ಟು ಬಂತು ಅಂತ ಗೊತ್ತಾಗತ್ತೆ. ಕ್ಯಾಬಿನ್ ಫಿಲ್ಟರ್ ಇದ್ರೆ ಹೊಸದು, ಇಂಜಿನ್ ಏರ್ ಫಿಲ್ಟರ್ ಕೂಡ ತೆಗೆದು ನೋಡಿ. ಇದನ್ನ ಎರಡು ಮೂರು ವಾರ ಬಿಟ್ಟು ಇನ್ನೊಂದ್ಸಲ ಮಾಡಿ, ಆಮೇಲೆ ಮಗಳನ್ನ ಕೂರಿಸಿ.

ಬೋಳು ಬಾನೆಟ್‌ನಲ್ಲಿ ಓಡಿಸಬಹುದಾ, ಓಡಿಸಿ, ಏನೂ ಆಗಲ್ಲ. ಸದ್ದು ಸ್ವಲ್ಪ ಜಾಸ್ತಿ, ಆ ಇಂಜಿನ್ ಸದ್ದು ಜಾಸ್ತಿ ಆದ್ರೆ ದೂರು ಹೇಳೋರು ಯಾರು. ಬೇಸಿಗೇಲಿ ಬಾನೆಟ್ ಇನ್ನಷ್ಟು ಬಿಸಿಯಾಗತ್ತೆ, ವರ್ಷಗಟ್ಟಲೆ ಹಂಗೇ ಬಿಟ್ರೆ ಪೇಂಟ್‌ಗೆ ಒಳ್ಳೇದಲ್ಲ, ಕೆಲವು ತಿಂಗಳಿಗೆ ಚಿಂತೆ ಇಲ್ಲ. ನಿಜವಾದ ಅಪಾಯ ಈಗಿನ ಸ್ಥಿತೀಲಿ ಓಡಿಸೋದು, ಆ ಜೋತುಬಿದ್ದ ಮೂಲೆ ಹರಿದು ಫ್ಯಾನ್‌ಗೋ ಬೆಲ್ಟ್‌ಗೋ ಸಿಕ್ಕಿದ್ರೆ, ಇಲ್ಲಾ ಎಣ್ಣೆ ಕುಡಿದ ತುಂಡು ಎಕ್ಸಾಸ್ಟ್ ಮೇಲೆ ಬಿದ್ರೆ. ಹಾಗಾಗಿ ತೆಗೆಯೋದು ಈ ವಾರ, ಹಾಕೋದು ದುಡ್ಡಾದಾಗ. ನಿಮ್ಮ ಗಾಡಿಗೆ 30 ವರ್ಷ ದಾಟಿದೆ, ಅಲ್ಲಿ ಹಳೇ ಗಾಡಿಗಳಿಗೆ ಅಂತಲೇ ಕೊಡೋ ಎಚ್ ನಂಬರ್ ಪ್ಲೇಟ್ ತಗೊಂಡಿರ್ತೀರಿ ಅಥವಾ ತಗೊಳೋರಿದೀರಿ, ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರ್ಬೇಕು ಅಂತ ನೋಡ್ತಾರಲ್ಲ, ಅದಕ್ಕೇ ಬಾನೆಟ್ ಒಳಗೆ ಸದ್ದು ತಡೆಯೋ ಬೆಳ್ಳಿ ಬಣ್ಣದ ಶೀಟ್‌ಗಳನ್ನೆಲ್ಲ ಅಂಟಿಸೋಕೆ ಹೋಗ್ಬೇಡಿ, ಚಾಸಿ ನಂಬರ್ ಕೊಟ್ಟು ಅದೇ ಆಕಾರಕ್ಕೆ ಕತ್ತರಿಸಿದ ಪ್ಯಾಡ್ ತರ್ಸಿ.

ಹಾಕೋ ದಿನಕ್ಕೆ ಎರಡೇ ಮಾತು. ಚಳಿಗಾಲದಲ್ಲಿ ಮಾಡ್ಬೇಡಿ, ಗಮ್ ಹಿಡಿಯಲ್ಲ. ಬಿಸಿ ತಡೆಯೋ ಸ್ಪ್ರೇ ಗಮ್ ತಗೊಂಡು ಬಾನೆಟ್‌ಗೂ ಪ್ಯಾಡ್‌ಗೂ ಎರಡಕ್ಕೂ ಹೊಡೆದು, ಡಬ್ಬದ ಮೇಲೆ ಬರೆದಷ್ಟು ಹೊತ್ತು ಕಾದು, ಬೆರಳಿಗೆ ಅಂಟೂ ಅಂಟದ ಹಾಗೆ ಆದಾಗ ಕೂರಿಸ್ಬೇಕು. ಒಂದ್ಸಲ ತಾಗಿದ್ರೆ ಮತ್ತೆ ಸರಿಸೋಕಾಗಲ್ಲ, ಅದಕ್ಕೆ ಗಮ್ ಹಚ್ಚೋ ಮುಂಚೆ ಬರೀ ಪ್ಯಾಡನ್ನೇ ಒಂದು ಸಲ ಕೂರಿಸಿ ನೋಡಿ, ಗಮ್ ಹಚ್ಚಿದ್ಮೇಲೆ ಮಧ್ಯದಿಂದ ಅಂಚಿಗೆ ಒತ್ತುತ್ತಾ ಹೋಗಿ, ಕೊನೆಗೆ ಅಂಚು ಮಡಿಕೆ ಒಳಗೆ. ಇಬ್ರು ಬೇಕು ಇದಕ್ಕೆ. ಮನೆಯವ್ರನ್ನ ಕರೀರಿ, ಆಗ್ಲಾದ್ರೂ ಆ ಗಾಡಿ ಮೇಲಿನ ಕೋಪ ಕಮ್ಮಿ ಆಗತ್ತೇನೋ.

ಪ್ರಶ್ನೆ: ನಂದು 1996ರ ಇ 220, ಪುಣೆಯಲ್ಲಿ ತಯಾರಾದದ್ದು, ನಮ್ಮ ತಂದೆ ಕಾಲದ್ದು. ಎರಡು ವರ್ಷದಿಂದ ಓಡಿಸದೆ ಶೆಡ್‌ನಲ್ಲಿತ್ತು. ಬಾನೆಟ್ ಫೋಮನ್ನ ಇಲಿ ಅರ್ಧ ತಿಂದಿದೆ, ಒಳಗೆ ಗೂಡು ಮಾಡಿದ ಹಾಗಿದೆ. ಮೆಕ್ಯಾನಿಕ್ ಏರ್ ಗನ್ ಹಿಡಿದು ಊದಿಬಿಡ್ತೀನಿ ಅಂತಾನೆ. ಹೊಗೆಸೊಪ್ಪು ಇಟ್ರೆ ಇಲಿ ಬರಲ್ವಂತೆ ನಿಜಾನಾ?
(ಬಸವನಗುಡಿಯಿಂದ ಒಬ್ಬ ಓದುಗರು)

ಉತ್ತರ: ಊದೋಕೆ ಬಿಡ್ಬೇಡಿ ಸ್ವಾಮಿ. ನಿಮ್ದೂ ಮೇಲಿನ ಗಾಡೀದೇ ತಮ್ಮ, ಮರ್ಸಿಡಿಸ್ 1995ರಲ್ಲಿ ಪುಣೆಯಲ್ಲಿ ಮೊದಲು ಜೋಡಿಸೋಕೆ ಶುರು ಮಾಡಿದ್ದೇ ಈ ಡಬ್ಲ್ಯೂ 124ನ, ಬಾನೆಟ್ ಹಂಗೇ ನೆಟ್ಟಗೆ ನಿಲ್ಲತ್ತೆ, ಫೋಮ್ ತೆಗಿಯೋ ರೀತಿನೂ ಅದೇ. ಆದ್ರೆ ನಿಮಗೆ ಫೋಮ್ ಪುಡಿಗಿಂತ ಇಲಿ ಉಚ್ಚೆ ದೊಡ್ಡ ವಿಷಯ. ಇಲಿ ಜ್ವರ ಬರೋದು ಅದರಿಂದಾನೇ, ಒದ್ದೆ ಗಲೀಜು ಕೈಯಲ್ಲಿರೋ ಗಾಯಕ್ಕೆ, ಕಣ್ಣಿಗೆ ತಾಗಿದ್ರೆ ಸಾಕು, ಮಲೆನಾಡು ಕರಾವಳಿ ಕಡೆಯವ್ರಿಗೆ ಇದು ಚೆನ್ನಾಗಿ ಗೊತ್ತು. ಏರ್ ಗನ್ ಹಿಡಿದ್ರೆ ಆ ಗೂಡಿನ ಕಸ, ಹಿಕ್ಕೆ ಎಲ್ಲ ಇಡೀ ಶೆಡ್‌ಗೆ, ಅಲ್ಲಿರೋ ಹುಡುಗರ ಮುಖಕ್ಕೆ. ಬಟ್ಟೆ ತೊಳೆಯೋ ಬ್ಲೀಚನ್ನ ನೀರಿಗೆ ಸ್ವಲ್ಪ ಹಾಕಿ ಗೂಡಿನ ಮೇಲೆ ಚಿಮುಕಿಸಿ ಒಂದು ಹತ್ತು ನಿಮಿಷ ಬಿಡಿ, ಆಮೇಲೆ ರಬ್ಬರ್ ಗ್ಲೋವ್ಸ್ ಹಾಕ್ಕೊಂಡು ಎತ್ತಿ ಚೀಲಕ್ಕೆ ಹಾಕಿ ಕಟ್ಟಿ, ಬ್ಲೀಚ್ ತಗಡಿಗೆ ಆಗಲ್ಲ, ಆಮೇಲೆ ಬರೀ ನೀರಿನ ಬಟ್ಟೆಲಿ ಚೆನ್ನಾಗಿ ಒರೆಸಿ. ಫೋಮ್ ಉಳಿದಿರೋ ಅರ್ಧನೂ ತೆಗೆದುಬಿಡಿ, ಇಲಿಗೆ ಅದು ಹಾಸಿಗೆ.

ಸ್ಟಾರ್ಟ್ ಮಾಡೋ ಮುಂಚೆ ಟಾರ್ಚ್ ಹಿಡಿದು ಪ್ರತಿ ವೈರು, ಪೆಟ್ರೋಲ್ ಪೈಪು ನೋಡಿ, ಎಲ್ಲಾದ್ರೂ ಕಡಿದಿದ್ರೆ ಮೊದಲು ಅದು. ಏರ್ ಫಿಲ್ಟರ್ ಡಬ್ಬ ತೆಗೆದು ನೋಡಿ, ಎರಡನೇ ಗೂಡು ಸಾಮಾನ್ಯವಾಗಿ ಅಲ್ಲೇ ಇರತ್ತೆ, ನಾನು ಒಂದು ಗಾಡೀಲಿ ಕಡಲೆಕಾಯಿ ಸಿಪ್ಪೆ ಒಂದು ಸೇರು ತೆಗೆದಿದೀನಿ, ಪರಿಷೆ ಮುಗಿದ ವಾರ ಅದು, ನಿಮ್ಮ ಬಸವನಗುಡಿದೇ ಗಾಡಿ! ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಒಂದು ವಾರ ಕೆಲಸ ಮಾಡತ್ತೆ, ವಾಸನೆ ಹೋದ್ಮೇಲೆ ಇಲಿ ವಾಪಸ್, ಹೊಗೆಸೊಪ್ಪನ್ನೇ ಗೂಡಿಗೆ ಹಾಸ್ಕೊಂಡಿದ್ದನ್ನೂ ನೋಡಿದೀನಿ. ಗಾಡಿನ ವಾರಕ್ಕೆ ಎರಡು ಸಲ ಓಡಿಸಿ, ಶೆಡ್‌ನಲ್ಲಿ ಅಕ್ಕಿ ಮೂಟೆ ನಾಯಿ ಬಿಸ್ಕೆಟ್ ಇಡ್ಬೇಡಿ. ಹೊಸ ಪ್ಯಾಡ್ ಇಲಿ ಕಾಟ ನಿಂತ ಮೇಲೆ ಹಾಕಿದ್ರೆ ಸಾಕು, ಜೆಸಿ ರೋಡ್‌ನಲ್ಲಿ ಕೇಳಿ, ಸಿಗದಿದ್ರೆ ತರಿಸಿಕೊಡೋರು ಇರ್ತಾರೆ. ಸೋಫಾ ಫೋಮ್, ಥರ್ಮಾಕೋಲ್ ತಂದು ಅಂಟಿಸ್ತೀನಿ ಅಂತ ಯಾರಾದ್ರೂ ಅಂದ್ರೆ ಕೈ ಮುಗೀರಿ, ಅವು ಬೆಂಕಿಗೆ ಸೌದೆ ಇದ್ದಂಗೆ.

ಪ್ರಶ್ನೆ: ದುಬೈನಲ್ಲಿದೀನಿ, ಊರು ಪುತ್ತೂರು. ಸಿ 63 ಎಎಂಜಿ, 2010 ಮಾಡೆಲ್, ಸೆಕೆಂಡ್ ಹ್ಯಾಂಡ್. ಬಾನೆಟ್ ಅಡಿಯ ಪ್ಯಾಡ್ ಮಧ್ಯದಲ್ಲಿ ಜೋತಿದೆ, ಕ್ಲಿಪ್ ನಾಲ್ಕು ಇಲ್ಲವೇ ಇಲ್ಲ, ಒಂದು ಕಡೆ ಎಣ್ಣೆ ಕಲೆ ಉಂಟು. ಗಮ್ ಹಾಕಿ ಅಂಟಿಸಿದರೆ ಸಾಕಾ ಮಾರಾಯ್ರೆ?
(ದುಬೈಯ ಒಬ್ಬ ಓದುಗರು)

ಉತ್ತರ: ಸಾಕಾಗೂದಿಲ್ಲ ಮಾರಾಯ್ರೆ. ನಿಮ್ದು ಅಂಟಿಸೋ ಫೋಮ್ ಅಲ್ಲ, ಅಚ್ಚಿನಲ್ಲಿ ಒತ್ತಿ ಬಟ್ಟೆ ಹೊದಿಸಿದ ಪ್ಯಾಡ್, ಕ್ಲಿಪ್ ಮೇಲೆ ನಿಂತಿರೋದು, ಗಮ್ ಹಾಕಿದ್ರೆ ದುಬೈ ಜುಲೈ ಬಿಸಿಗೆ ಎರಡೇ ದಿನದಲ್ಲಿ ಬಿಡತ್ತೆ. ತೆಗೆಯೋದು ಸುಲಭ, ಟ್ರಿಮ್ ತೆಗೆಯೋ ಪ್ಲಾಸ್ಟಿಕ್ ಕವೆ ಸಿಗತ್ತೆ, ಕ್ಲಿಪ್ ತಲೆ ಕೆಳಗೆ ತೂರಿಸಿ ಮೆಲ್ಲಗೆ ಮೀಟಿದ್ರೆ ಬರತ್ತೆ, ಸ್ಕ್ರೂಡ್ರೈವರ್ ಹಾಕಿದ್ರೆ ಬಾನೆಟ್ ಪೇಂಟ್ ಹೋಗತ್ತೆ. ಉಳಿದಿರೋ ಕ್ಲಿಪ್‌ಗಳೂ ಬಿಸಿಗೆ ಒಣಗಿ ಪಟ್ ಅಂತ ಮುರಿಯತ್ತೆ, ಹಾಗಾಗಿ ಪೂರ್ತಿ ಸೆಟ್ ಹೊಸ ಕ್ಲಿಪ್ ಕೈಯಲ್ಲಿ ಇಟ್ಕೊಂಡೇ ಶುರು ಮಾಡಿ.

ನಂಗೆ ಚಿಂತೆ ಆ ಎಣ್ಣೆ ಕಲೆದು. ಎಣ್ಣೆ ಹೀರಿದ ಪ್ಯಾಡ್ ಅಂದ್ರೆ ದೀಪದ ಬತ್ತಿ, ಅದನ್ನ ತೊಳೆದು ವಾಪಸ್ ಹಾಕೋ ಆಸೆ ಬಿಡಿ, ಎಸೀರಿ. ಎಸೆಯೋ ಮುಂಚೆ ಕಲೆ ಇರೋ ಜಾಗದ ನೇರ ಕೆಳಗೆ ಇಂಜಿನ್‌ನಲ್ಲಿ ಏನಿದೆ ಅಂತ ನೋಡಿ ಒಂದು ಫೋಟೋ ತೆಗೀರಿ, ಎಣ್ಣೆ ಹಾಕೋ ಮುಚ್ಚಳ ಸರಿಯಾಗಿ ಮುಚ್ಚದೆ ಚೆಲ್ಲಿದ್ದಾ, ಗ್ಯಾಸ್ಕೆಟ್ ಸೋರ್ತಿದ್ಯಾ, ಯಾವುದೋ ಪೈಪಿಂದ ಚಿಮ್ಮಿದ್ದಾ, ಆ ಕಲೆನೇ ನಿಮಗೆ ದಾರಿ ತೋರ್ಸತ್ತೆ. ಸೋರೋದು ನಿಲ್ಸಿದ್ಮೇಲೇ ಹೊಸ ಪ್ಯಾಡ್. ಬೆಂಕಿ ಬಿದ್ರೆ ಕ್ಲಿಪ್ ಕರಗಿ ಪ್ಯಾಡ್ ಇಂಜಿನ್ ಮೇಲೆ ಬಿದ್ದು ತಾನೇ ಆರಿಸತ್ತೆ ಅಂತ ಗ್ಯಾರೇಜ್‌ಗಳಲ್ಲಿ ಒಂದು ಮಾತಿದೆ, ಅದನ್ನ ನಂಬ್ಕೊಂಡು ಕೂರ್ಬೇಡಿ, ಡಿಕ್ಕಿಲಿ ಒಂದು ಫೈರ್ ಎಕ್ಸ್‌ಟಿಂಗ್ವಿಷರ್ ಇರ್ಲಿ, ಹೊಗೆ ಕಂಡ್ರೆ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಉರಿ ಜಾಸ್ತಿ ಆಗತ್ತೆ, ಗಾಡಿ ಬಿಟ್ಟು ದೂರ ಹೋಗಿ.

ಪ್ರಶ್ನೆ: ನಮ್ಮದು ಹಳೇ ಆಲ್ಟೊ. ಬಾನೆಟ್ ಎತ್ತಿದ್ರೆ ಬರೀ ತಗಡು, ಇಂಥ ಪ್ಯಾಡ್ ಏನೂ ಇಲ್ಲ. ಹಿಂದಿನ ಓನರ್ ಕಿತ್ತು ಮಾರ್ಕೊಂಡ್ನಾ? ಸದ್ದು ಜಾಸ್ತಿ ಇದೆ, ಹಾಕಿಸ್ಲಾ?
(ಶಿವಮೊಗ್ಗದ ಓದುಗರು)

ಉತ್ತರ: ಪಾಪ ಅವರನ್ನ ಅನುಮಾನಿಸ್ಬೇಡಿ, ಚಿಕ್ಕ ಗಾಡಿಗಳಲ್ಲಿ ಎಷ್ಟೋ ಕಡೆ ಬಾನೆಟ್ ಒಳಗೆ ಬರೀ ತಗಡೇ ಇರತ್ತೆ. ಪ್ಯಾಡ್ ಸಿಗಿಸೋಕೆ ಅಂತ ಖಾಲಿ ತೂತುಗಳಿದ್ಯಾ ನೋಡಿ, ಇಲ್ಲ ಅಂದ್ರೆ ಯಾವತ್ತೂ ಇರ್ಲೇ ಇಲ್ಲ. ಅಂಟಿಸೋ ಟಾರ್ ಶೀಟ್‌ಗೆ ದುಡ್ಡು ಹಾಕ್ಬೇಡಿ, ಬಾನೆಟ್ ಭಾರ ಆಗತ್ತೆ ಅಷ್ಟೇ. ನಿಮ್ಮ ಸದ್ದು ಮೇಲಿಂದ ಬರ್ತಿರೋದು ಅನುಮಾನ, ಇಂಜಿನ್ ಮೌಂಟಿಂಗ್ ರಬ್ಬರ್, ಸೈಲೆನ್ಸರ್ ಜಾಯಿಂಟ್, ಡೋರ್ ಬೀಡಿಂಗ್ ಈ ಮೂರನ್ನ ಮೊದಲು ತೋರ್ಸಿ.